ಹೇಳಿದ್ದೂ ತಪ್ಪಲ್ಲ, ಒಲ್ಲೆ ಎಂದದ್ದೂ ತಪ್ಪಲ್ಲ

‘ಐ ಲವ್ ಯೂ’ ಎಂದು ಹೇಳುವುದು ಅಪರಾಧವೇ? ಕೇಳಿದರೆ ನಗು ಬರಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಸಿಗಲು ಒಂದು ಪ್ರಕರಣದಲ್ಲಿ ಸುಮಾರು ಹತ್ತು ವರ್ಷ ಹಿಡಿಯಿತು. 2015ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ನಾಗಪುರ ಜಿಲ್ಲೆಯಲ್ಲಿ ತರಗತಿ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ 17 ವರ್ಷದ ಹುಡುಗಿಯೊಬ್ಬಳನ್ನು ಬೈಕಿನಲ್ಲಿ ಬಂದ ಯುವಕನೊಬ್ಬ ತಡೆದು, ಕೈ ಹಿಡಿದು, ಹೆಸರು ಕೇಳಿ, ಈ ಮೂರು ಶಬ್ದಗಳನ್ನು ಹೇಳಿದ ಎಂಬುದು ಪ್ರಕರಣ. ಹುಡುಗಿ ಮನೆಯಲ್ಲಿ ತಿಳಿಸಿದಳು, ಮನೆಯವರು ಪೊಲೀಸರಿಗೆ ದೂರು ಕೊಟ್ಟರು. 2017ರಲ್ಲಿ ಸೆಷನ್ಸ್ ನ್ಯಾಯಾಲಯ ಆತನಿಗೆ 3 ವರ್ಷದ ಜೈಲು ವಿಧಿಸಿತು. 2025ರ ಜೂನ್ ಕೊನೆಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ಶಿಕ್ಷೆಯನ್ನು ರದ್ದುಪಡಿಸಿ ಆತನನ್ನು ಖುಲಾಸೆಗೊಳಿಸಿತು. ಪ್ರೀತಿಸುತ್ತೇನೆ ಎಂಬ ಮಾತು ಭಾವನೆಯ ಅಭಿವ್ಯಕ್ತಿ. ಅದರ ಹಿಂದೆ ಲೈಂಗಿಕ ಉದ್ದೇಶವಿತ್ತು ಎನ್ನಲು ಆ ಮಾತು ಮಾತ್ರ ಸಾಲದು, ಬೇರೆ ಏನಾದರೂ ಸಾಕ್ಷ್ಯ ಬೇಕು ಎಂಬುದು ತೀರ್ಪಿನ ತಿರುಳು.

ಸುದ್ದಿ ಬಂದ ಕೂಡಲೇ ವಾಟ್ಸಾಪಿನಲ್ಲಿ ನಗುವ ಮುಖಗಳ ಸುರಿಮಳೆಯಾಯಿತು. ‘ಇನ್ನು ಧೈರ್ಯವಾಗಿ ಹೇಳಬಹುದು’ ಎಂದವರು ಕೆಲವರು, ‘ಹೆಣ್ಣುಮಕ್ಕಳನ್ನು ದೇವರೇ ಕಾಪಾಡಬೇಕು’ ಎಂದವರು ಕೆಲವರು. ತೀರ್ಪು ಹೇಳಿದ್ದು ಇವೆರಡನ್ನೂ ಅಲ್ಲ. ಪೋಕ್ಸೊದಂತಹ ಕಠಿಣ ಕಾನೂನಿನಲ್ಲಿ ಒಬ್ಬನನ್ನು ಜೈಲಿಗೆ ಕಳುಹಿಸಬೇಕಾದರೆ ಏನನ್ನು ಸಾಬೀತು ಮಾಡಬೇಕು ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ಗುರುತು ಪರಿಚಯವಿಲ್ಲದ ಹುಡುಗಿಯನ್ನು ರಸ್ತೆಯಲ್ಲಿ ಅಡ್ಡಗಟ್ಟಿ ಕೈ ಹಿಡಿಯುವುದು ಸಭ್ಯತೆ ಎಂದು ಯಾವ ನ್ಯಾಯಾಧೀಶರೂ ಹೇಳಿಲ್ಲ, ಹೇಳುವುದೂ ಇಲ್ಲ. ಮೂರು ವರ್ಷದ ಸೆರೆವಾಸಕ್ಕೆ ತಕ್ಕದ್ದಲ್ಲದ ನಡತೆಗಳು ಬೇಕಾದಷ್ಟಿವೆ. ಹಾಗೆಂದು ಅವೆಲ್ಲ ಒಳ್ಳೆಯ ನಡತೆ ಎಂದಾಗುವುದಿಲ್ಲವಷ್ಟೆ.

ನಾಗಪುರ ನಮಗೆ ದೂರ. ಕಡಬ ಹತ್ತಿರ. 2024ರ ಮಾರ್ಚ್ 4ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಡಬದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಗೆಂದು ಬಂದು ಕುಳಿತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ದಾಳಿ ನಡೆಯಿತು. ಕೇರಳದ ಮಲಪ್ಪುರಂ ಜಿಲ್ಲೆಯ, ಎಂಬಿಎ ಓದುತ್ತಿದ್ದ 23 ವರ್ಷದ ಯುವಕನನ್ನು ಪೊಲೀಸರು ಬಂಧಿಸಿದರು. ಮೂವರಲ್ಲಿ ಒಬ್ಬಳು ಅವನ ಪ್ರೀತಿಯನ್ನು ಒಪ್ಪಿರಲಿಲ್ಲ ಎಂಬುದು ಪೊಲೀಸರು ಅಂದು ನೀಡಿದ ಮಾಹಿತಿ. ಉಳಿದಿಬ್ಬರು ಮಾಡಿದ ತಪ್ಪೆಂದರೆ ಗೆಳತಿಯ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತದ್ದು! ಅದೇ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬಳು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳು ತನ್ನ ಮನೆಯೊಳಗೇ ಚೂರಿಗೆ ಬಲಿಯಾದರು. ಮೊದಲನೆಯ ಕೊಲೆ ಧರ್ಮದ ಬಣ್ಣ ಪಡೆದು ಚುನಾವಣೆಯ ಮೈದಾನಕ್ಕೆ ಬಂತು. ಎರಡನೆಯದರಲ್ಲಿ ಅಂತಹ ಬಣ್ಣ ಬಳಿಯಲು ಅವಕಾಶವಿರಲಿಲ್ಲ, ಆದ್ದರಿಂದ ಗದ್ದಲ ಬೇಗ ತಣ್ಣಗಾಯಿತು. ಸತ್ತವರ ಮನೆಯವರಿಗೆ ಮಾತ್ರ ಎರಡೂ ಒಂದೇ.

ಪ್ರಿಯ ಓದುಗರೇ, ಇಲ್ಲಿ ಒಂದು ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ಹತ್ತನೇ ತರಗತಿಯ ಹುಡುಗನೊಬ್ಬ ಪಕ್ಕದ ಸೆಕ್ಷನಿನ ಹುಡುಗಿಗೆ ನಡುಗುವ ಕೈಯಿಂದ ಚೀಟಿ ಬರೆಯುವುದನ್ನೂ, ಕಡಬದಲ್ಲಿ ನಡೆದುದನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ, ‘ಒನ್ ಸೈಡ್ ಲವ್’ ಎಂದು. ಒಂದೇ ಹೆಸರಿಟ್ಟ ಮೇಲೆ ಒಂದೇ ಮದ್ದನ್ನೂ ಕೊಡುತ್ತೇವೆ. ಅಷ್ಟಕ್ಕೂ ಈ ಭೀಕರ ಪ್ರಕರಣಗಳಲ್ಲಿ ಆರೋಪಿಗಳ ವಯಸ್ಸನ್ನು ನೋಡಿ. ಕಡಬದ ಆರೋಪಿಗೆ 23, ಅವನ ಮುಂದಿದ್ದವರು ಪಿಯುಸಿ ಮಕ್ಕಳು. 2005ರಲ್ಲಿ ದೆಹಲಿಯಲ್ಲಿ ಲಕ್ಷ್ಮಿ ಅಗರ್ವಾಲ್ ಮೇಲೆ ಆಸಿಡ್ ಎರಚಿದಾಗ ಆಕೆಗೆ 15 ವರ್ಷ, ಆಕೆಯ ಹಿಂದೆ ಬಿದ್ದಿದ್ದವನಿಗೆ 32. ಇದನ್ನು ಹದಿಹರೆಯದ ಪ್ರೇಮ ಎನ್ನುವುದು ಹೇಗೆ? ಬೆಳೆದ ಗಂಡಸೊಬ್ಬ ಮಗುವಿನ ಹಿಂದೆ ಬಿದ್ದದ್ದು ಅದು. ಆದರೆ ಇಂತಹ ಒಂದು ಸುದ್ದಿ ಬಂದಾಗಲೆಲ್ಲ ಅದರ ದಂಡ ತೆರುವವರು ಮಾತ್ರ ನಿಜವಾದ ಹದಿಹರೆಯದವರು. ಮರುದಿನದಿಂದಲೇ ಹುಡುಗ ಹುಡುಗಿ ಮಾತಾಡಬಾರದು ಎಂಬ ಹೊಸ ನಿಯಮ, ಮೊಬೈಲ್ ತಪಾಸಣೆ, ಕಾಲೇಜಿನ ಜಗಲಿಯಲ್ಲಿ ಪಹರೆ.

ಲಕ್ಷ್ಮಿಯ ಹೆಸರು ಇಲ್ಲಿ ಇನ್ನೊಂದು ಕಾರಣಕ್ಕೆ ನೆನಪಿಡಬೇಕಾದದ್ದು. ಆಕೆ ಹೂಡಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟ್ 2013ರ ಜುಲೈಯಲ್ಲಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವನ ಗುರುತಿನ ಚೀಟಿ ನೋಡಬೇಕು, ವಿಳಾಸ ಬರೆದಿಡಬೇಕು, 18ರ ಕೆಳಗಿನವರಿಗೆ ಮಾರಬಾರದು ಎಂಬ ನಿಯಮ ಬಂತು. ಅದೇ ವರ್ಷ ತಿದ್ದುಪಡಿಯಾದ ದಂಡ ಸಂಹಿತೆಯಲ್ಲಿ ಆಸಿಡ್ ದಾಳಿಗೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ನಿಗದಿಯಾಯಿತು. ಇಷ್ಟೆಲ್ಲ ಆಗಿ ಹನ್ನೊಂದನೇ ವರ್ಷದಲ್ಲಿ ಕಡಬ.

ನಮ್ಮ ಪತ್ರಿಕೆಗಳು ಈ ಸುದ್ದಿಗಳಿಗೆ ಕೊಡುವ ತಲೆಬರಹವನ್ನು ಒಮ್ಮೆ ಗಮನಿಸಿ. ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚೂರಿ ಇರಿತ’. ಕನ್ನಡದ ಈ ‘ದ್ದಕ್ಕೆ’ ಬಹಳ ಅಪಾಯಕಾರಿ ಪ್ರತ್ಯಯ. ಮಳೆ ಬಂದದ್ದಕ್ಕೆ ಹೊಳೆ ತುಂಬಿತು ಎನ್ನುವ ಹಾಗೆ, ಅವಳು ನಿರಾಕರಿಸಿದ್ದಕ್ಕೆ ಅವನು ಇರಿದ. ಕಾರಣ ಅವಳದ್ದು, ಪರಿಣಾಮ ಮಾತ್ರ ಅವನದ್ದು ಎಂಬಂತೆ. ಓದುವ ಹದಿನಾರರ ಹುಡುಗಿಗೆ ಇದರಿಂದ ಸಿಗುವ ಸಂದೇಶವೇನು? ಒಲ್ಲೆ ಎಂದರೆ ಚೂರಿ. ‘ಭಗ್ನಪ್ರೇಮಿ’ ಎಂಬ ಶಬ್ದವಂತೂ ಇನ್ನೂ ವಿಚಿತ್ರ. ಕೊಲೆಗೆ ಕೈ ಹಾಕಿದವನಿಗೆ ಅದು ಅರ್ಧ ಅನುಕಂಪವನ್ನು ಮುಂಗಡವಾಗಿಯೇ ಕೊಟ್ಟುಬಿಡುತ್ತದೆ. ನಿಜವಾಗಿ ಹೃದಯ ಭಗ್ನವಾದ ಸಾವಿರಾರು ಮಂದಿ ಯಾರಿಗೂ ತಿಳಿಯದ ಹಾಗೆ ಎರಡು ವಾರ ಊಟ ಬಿಟ್ಟು, ಆಮೇಲೆ ಎದ್ದು ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಈ ಹೆಸರು ಸಲ್ಲಬೇಕಿತ್ತು.

ಒಪ್ಪದ ಪ್ರೀತಿಯ ಬಗ್ಗೆ ಮನಶ್ಶಾಸ್ತ್ರಜ್ಞರು ಸುಮ್ಮನೆ ಕುಳಿತಿಲ್ಲ. 1993ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅವರು ಜನರಿಂದ ಎರಡೆರಡು ಕಥೆ ಬರೆಸಿಕೊಂಡರು. ತಾನು ಪ್ರೀತಿಸಿ ತಿರಸ್ಕೃತನಾದ ಕಥೆ ಒಂದು, ತನ್ನನ್ನು ಯಾರೋ ಪ್ರೀತಿಸಿ ತಾನು ಒಪ್ಪದೆ ಇದ್ದ ಕಥೆ ಮತ್ತೊಂದು. ಹೆಚ್ಚು ನೊಂದವರು ತಿರಸ್ಕೃತರೇ ಇರಬೇಕು ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ತಿರಸ್ಕೃತರ ನೆನಪಿನಲ್ಲಿ ನೋವಿನ ಜೊತೆಗೆ ಸಿಹಿಯೂ ಇತ್ತು. ಒಲ್ಲೆ ಎಂದವರ ನೆನಪಿನಲ್ಲಿ ಇದ್ದದ್ದು ಬಹುಪಾಲು ಕಹಿ: ಅಪರಾಧಿ ಭಾವ, ಕಿರಿಕಿರಿ, ಏನು ಮಾಡುವುದೆಂದು ತೋಚದ ಸ್ಥಿತಿ. ಅಧ್ಯಯನದ ಮುಖ್ಯ ಮಾತು ಇದು. ಪ್ರೀತಿಸುವವನಿಗೆ ಏನು ಮಾಡಬೇಕೆಂದು ಕಥೆ, ಸಿನಿಮಾ, ಹಾಡುಗಳು ಹೇಳಿಕೊಟ್ಟಿವೆ. ಬಿಡಬೇಡ, ಕಾಯು, ಮತ್ತೆ ಕೇಳು, ಕೊನೆಗೆ ಗೆಲ್ಲುವೆ ಎಂದು. ಒಲ್ಲೆ ಎನ್ನಬೇಕಾದವರಿಗೆ ಅಂತಹ ಪಾಠ ಯಾವುದೂ ಇಲ್ಲ. ಹಾಗಾಗಿ ಅವರು ನೋವಾಗದಿರಲಿ ಎಂದು ಸುತ್ತಿ ಬಳಸಿ ಹೇಳುತ್ತಾರೆ. ಕೇಳಿಸಿಕೊಳ್ಳುವವನಿಗೂ ಸ್ಪಷ್ಟವಾಗಿ ಕೇಳಿಸಿಕೊಳ್ಳುವ ಮನಸ್ಸಿಲ್ಲ. ಹೇಳಲು ಒಬ್ಬರಿಗೆ ಇಷ್ಟವಿಲ್ಲ, ಕೇಳಲು ಇನ್ನೊಬ್ಬರಿಗೆ ಇಷ್ಟವಿಲ್ಲ, ಹೀಗೆ ತಿಂಗಳುಗಟ್ಟಲೆ ಎಳೆಯುತ್ತದೆ.

ನಮ್ಮಲ್ಲಿ ಒಲ್ಲೆ ಎನ್ನಲು ಒಂದೇ ಒಂದು ದಾರಿ ಇದೆ, ಓದುಗರಿಗೆ ಗೊತ್ತೇ ಇದೆ. ‘ನೀವು ನನಗೆ ಅಣ್ಣನ ಹಾಗೆ’! ಹೈಸ್ಕೂಲು ಕಾಲೇಜುಗಳಲ್ಲಿ ರಕ್ಷಾಬಂಧನದ ದಿನ ಹುಡುಗರು ಕೈಯನ್ನು ಕಿಸೆಯಲ್ಲಿ ಅಡಗಿಸಿಕೊಂಡು ಓಡಾಡುವ ತಮಾಷೆಯನ್ನು ಯಾರು ನೋಡಿಲ್ಲ? ತಮಾಷೆಯೇನೋ ಹೌದು. ಆದರೆ ಯೋಚಿಸಿ ನೋಡಿದರೆ, ಒಬ್ಬ ಹುಡುಗಿಗೆ ‘ನನಗೆ ಇಷ್ಟವಿಲ್ಲ’ ಎಂಬಷ್ಟೇ ಕಾರಣ ಸಾಕಾಗುವುದಿಲ್ಲ, ಅದಕ್ಕೆ ಅಣ್ಣ ತಂಗಿ ಎಂಬ ಸಂಬಂಧದ ಕೊಡೆ ಹಿಡಿಯಬೇಕು. ಇಲ್ಲವಾದರೆ ‘ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ’ ಎನ್ನಬೇಕು. ಇದನ್ನು ಕೇಳಿದ ಹುಡುಗನಿಗೆ ಅರ್ಥವಾಗುವುದೇನೆಂದರೆ, ಅವಳಿಗೆ ಇಷ್ಟವಿದೆ, ಅಡ್ಡಿ ಇರುವುದು ಅವಳ ಅಪ್ಪ. ಇನ್ನು ‘ಈಗ ಓದಬೇಕು, ಅದೆಲ್ಲ ಆಮೇಲೆ’ ಎಂದುಬಿಟ್ಟರಂತೂ ಅವನು ಪದವಿ ಮುಗಿಯುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ.

ಇದು ಕಾನೂನಿನಲ್ಲೂ ತೊಡಕಾಗುತ್ತದೆ. 2013ರಲ್ಲಿ ಐಪಿಸಿಗೆ ಸೇರಿಸಿದ 354ಡಿ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಆಗಿದೆ. ಮಹಿಳೆ ತನಗೆ ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದು ಅಪರಾಧ ಎನ್ನುತ್ತದೆ ಅದು. ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಅದರಲ್ಲಿ ಸೇರಿದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ. ಹುಡುಗಿ 18ರ ಒಳಗಿನವಳಾಗಿದ್ದು, ಲೈಂಗಿಕ ಉದ್ದೇಶದಿಂದ ಪದೇಪದೇ ಹಿಂಬಾಲಿಸಿದರೆ, ಸಂದೇಶ ಕಳುಹಿಸಿದರೆ ಪೋಕ್ಸೊ ಕೂಡ ಅನ್ವಯಿಸುತ್ತದೆ. ಗಮನಿಸಬೇಕಾದ್ದು ಆ ‘ಸ್ಪಷ್ಟವಾಗಿ’ ಎಂಬ ಶಬ್ದ. ಸ್ಪಷ್ಟವಾಗಿ ಹೇಳಲು ನಾವು ಹೆಣ್ಣುಮಕ್ಕಳಿಗೆ ಕಲಿಸಿಯೇ ಇಲ್ಲ. ನಗುತ್ತಾ ಹೇಳು, ಮೆಲ್ಲಗೆ ಹೇಳು, ಎದುರು ಮಾತಾಡಬೇಡ ಎಂದೇ ಬೆಳೆಸಿದ್ದೇವೆ. ಹಾಗೆಂದು ಸ್ಪಷ್ಟವಾಗಿ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಸ್ಪಷ್ಟವಾದ ಉತ್ತರವೇ ರೋಷ ತರಿಸುತ್ತದೆ. ಅಂತಹವನ ಕೃತ್ಯಕ್ಕೆ ಅವಳ ಮಾತಿನ ಧಾಟಿಯಲ್ಲಿ ಕಾರಣ ಹುಡುಕಬೇಕಾಗಿಲ್ಲ.

ಸಿನಿಮಾದವರನ್ನು ಬೈಯುವುದು ಹಳೆಯ ಚಾಳಿ. ಆದರೂ ಸ್ವಲ್ಪ ಬೈಯಲೇಬೇಕಾಗಿದೆ. 1999ರ ತಮಿಳಿನ ‘ಸೇತು’ ಕನ್ನಡಕ್ಕೆ 2001ರಲ್ಲಿ ‘ಹುಚ್ಚ’ನಾಗಿ ಬಂತು. ಹೆದರಿದ ಹುಡುಗಿಯನ್ನು ಎಳೆದೊಯ್ದು ಪ್ರೀತಿ ಹೇಳುವ ನಾಯಕನಿಗೆ ಚಿತ್ರಮಂದಿರದಲ್ಲಿ ಬಿದ್ದ ಶಿಳ್ಳೆ ಸಣ್ಣದೇನಲ್ಲ. 2006ರ ‘ಮುಂಗಾರು ಮಳೆ’ ಇದಕ್ಕಿಂತ ಬೇರೆ. ನಿಶ್ಚಯವಾದ ಹುಡುಗಿಯ ಬೆನ್ನು ಬಿಡದ ನಾಯಕ ಕೊನೆಗೆ ಅವಳನ್ನು ಬಿಟ್ಟುಕೊಟ್ಟು ಹೊರಡುತ್ತಾನೆ. ವರ್ಷಗಟ್ಟಲೆ ಓಡಿದ ಆ ಚಿತ್ರದಿಂದ ನಮ್ಮ ಹುಡುಗರು ಕಲಿತದ್ದು ಬೆನ್ನು ಬಿಡದ ಪಾಠವನ್ನೋ ಬಿಟ್ಟುಕೊಡುವ ಪಾಠವನ್ನೋ ಎಂಬುದು ಬೇರೆ ಮಾತು. 2015ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್ ನಗರದಲ್ಲಿ ಭಾರತ ಮೂಲದ 32 ವರ್ಷದ ಸೆಕ್ಯುರಿಟಿ ಗಾರ್ಡ್ ಒಬ್ಬ ಇಬ್ಬರು ಮಹಿಳೆಯರನ್ನು ಹಿಂಬಾಲಿಸಿ ಕಾಟ ಕೊಟ್ಟ ಪ್ರಕರಣ ವಿಚಾರಣೆಗೆ ಬಂದಾಗ ಅವನ ವಕೀಲರು ಮಾಡಿದ ವಾದ ಜಗತ್ತಿನಾದ್ಯಂತ ಸುದ್ದಿಯಾಯಿತು. ಬಾಲಿವುಡ್ ಸಿನಿಮಾ ನೋಡಿ ಬೆಳೆದವನಿಗೆ, ಬಿಡದೆ ಬೆನ್ನು ಹತ್ತಿದರೆ ಹುಡುಗಿ ಒಲಿಯುತ್ತಾಳೆ ಎಂಬ ನಂಬಿಕೆ ಇತ್ತು ಎಂದು! ಅವನು ಜೈಲಿಗೆ ಹೋಗದೆ ಪಾರಾದ. ನಾಚಿಕೆ ಪಡಬೇಕಾದವರು ಸಿನಿಮಾ ಮಾಡಿದವರೋ ನೋಡಿದ ನಾವೋ ಎಂದು ಓದುಗರೇ ತೀರ್ಮಾನಿಸಲಿ.

ನಮ್ಮ ಕರಾವಳಿಗೆ ಬಂದರೆ ಇನ್ನೊಂದು ಪದರವಿದೆ. ಹುಡುಗ ಹುಡುಗಿ ಸಹಜವಾಗಿ, ನಾಲ್ಕು ಜನರ ಕಣ್ಣೆದುರಿನಲ್ಲಿ ಮಾತಾಡಬಹುದಾದ ಜಾಗ ಇಲ್ಲಿ ಎಷ್ಟಿದೆ? ಬಸ್ಸಿನ ಸೀಟು, ಜ್ಯೂಸ್ ಅಂಗಡಿ, ಕಡಲ ತೀರ, ಎಲ್ಲೆಲ್ಲೂ ಯಾರೋ ಹೆಸರು ಕೇಳುತ್ತಾರೆ, ಧರ್ಮ ಕೇಳುತ್ತಾರೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದು ದೇಶವಿಡೀ ಟಿವಿಯಲ್ಲಿ ನೋಡಿತು. ಅದರ ಮರು ತಿಂಗಳು, ಬಸ್ಸಿನಲ್ಲಿ ಅನ್ಯಧರ್ಮದ ಹುಡುಗನ ಜೊತೆ ಮಾತಾಡಿದಳೆಂದು ಅವಮಾನಕ್ಕೊಳಗಾದ ನಮ್ಮ ಜಿಲ್ಲೆಯ ಹೈಸ್ಕೂಲು ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡದ್ದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಪಬ್ಬಿನ ದೃಶ್ಯಕ್ಕೆ ಕ್ಯಾಮೆರಾ ಇತ್ತು, ಬಸ್ಸಿನಲ್ಲಿ ಇರಲಿಲ್ಲ. ಹೀಗೆ ಎದುರೆದುರು ಮಾತು ನಿಂತುಹೋದ ಕಡೆ ಎಲ್ಲವೂ ರಾತ್ರಿ ಹನ್ನೊಂದರ ಮೇಲೆ ಹೊದಿಕೆಯೊಳಗಿನ ಮೊಬೈಲಿಗೆ ಇಳಿಯುತ್ತದೆ. ಎದುರಿನವರ ಮುಖ ಕಾಣದ ಕಡೆ ಹೌದೋ ಅಲ್ಲವೋ ತಿಳಿಯುವುದು ಕಷ್ಟ. ಸಂದೇಶ ಓದಿದ್ದಾಳೆ ಎಂದು ನೀಲಿ ಗೆರೆ ತೋರಿಸುತ್ತದೆ, ಉತ್ತರ ಇಲ್ಲ. ಆ ಮೌನಕ್ಕೆ ಹದಿನೇಳರ ತಲೆ ನೂರು ಅರ್ಥ ಕಟ್ಟುತ್ತದೆ.

ಮಾತಿನ ವಿಷಯ ಬಂತು, ಒಂದು ಸಣ್ಣ ಉಪಕಥೆ. ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಕನ್ನಡವನ್ನೋ ಆಡಿದರೂ ಈ ಒಂದು ಮಾತನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳುತ್ತಾರೆ. ನಾಗಪುರದ ಯುವಕನೂ ಮರಾಠಿ ಬಿಟ್ಟು ಇಂಗ್ಲಿಷನ್ನೇ ಹಿಡಿದ. ಕೊಂಕಣಿಯ ‘ಮೋಗ್’ ದೇವರಿಗೂ ತಾಯಿಗೂ ನೆರೆಯವರಿಗೂ ಸಲ್ಲುವ ಶಬ್ದ, ತುಳುವಿನ ‘ಮೋಕೆ’ಯೂ ಹಾಗೆಯೇ. ಸ್ವಂತ ಭಾಷೆಯಲ್ಲಿ ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ, ಹೊಣೆ ಬರುತ್ತದೆ. ಇಂಗ್ಲಿಷಿನಲ್ಲಾದರೆ ಬೇಡವಾದಾಗ ‘ಜೋಕ್ ಮಾಡಿದ್ದು’ ಎಂದು ಹಿಂದೆಗೆದುಕೊಳ್ಳಬಹುದು. ‘ಒಲ್ಲೆ’ ಎಂಬುದಕ್ಕೂ ಈಗ ‘ಲೆಟ್ಸ್ ಬಿ ಫ್ರೆಂಡ್ಸ್’ ಬಂದಿದೆ. ಅದರ ಅರ್ಥ ಒಲ್ಲೆ ಎಂದು ಎಷ್ಟು ಹುಡುಗರಿಗೆ ಗೊತ್ತಾಗುತ್ತದೋ!

ಹುಡುಗಿಯರ ವಿಷಯವನ್ನೇ ಹೇಳುತ್ತಾ ಹುಡುಗರನ್ನು ಮರೆಯಬಾರದು. ತಿರಸ್ಕಾರ ನಿಜವಾಗಿ ನೋಯಿಸುತ್ತದೆ. ಪ್ರೀತಿಯಲ್ಲಿ ತಿರಸ್ಕೃತರಾದವರ ಮೆದುಳನ್ನು ಸ್ಕ್ಯಾನ್ ಮಾಡಿ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾದಕ ವಸ್ತುವಿನ ಚಟದಲ್ಲಿ ಕೆಲಸ ಮಾಡುವ ಭಾಗಗಳೇ ಅಲ್ಲೂ ಚುರುಕಾಗಿದ್ದವು. ಕುಡಿತ ಬಿಟ್ಟವನಿಗೆ ಕೈ ನಡುಗುವ ಹಾಗೆ ಇವರಿಗೂ ಒಂದು ನಡುಕ. ಅದರ ಮೇಲೆ, ಮುಂದಾಲೋಚನೆ ಮಾಡಿ ಕೈ ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯ ಅರ್ಧ ದಾಟಬೇಕು. ಇಂತಹ ವಯಸ್ಸಿನ ಹುಡುಗ ಬರೆದ ಸಂದೇಶದ ಸ್ಕ್ರೀನ್‌ಶಾಟ್ ತರಗತಿಯ ಗ್ರೂಪಿನಲ್ಲಿ ಹರಿದಾಡಿ, ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತಾಗ ಎಲ್ಲರೂ ತಿರುಗಿ ನೋಡಿ ನಕ್ಕರೆ ಏನಾಗಬೇಡ? ಒಲ್ಲೆ ಎನ್ನುವುದು ಹುಡುಗಿಯ ಹಕ್ಕು. ಊರಿಗೆಲ್ಲ ತೋರಿಸಿ ನಗುವುದು ಹಕ್ಕಲ್ಲ, ಕ್ರೌರ್ಯ. ಹುಡುಗಿಯರು ಹೇಳಿದಾಗಲೂ ಹೀಗೆಯೇ ಆಗುತ್ತದೆ, ಬಹುಶಃ ಇನ್ನೂ ಹೆಚ್ಚಾಗಿ. ತಾನಾಗಿ ಪ್ರೀತಿ ಹೇಳಿದ ಹುಡುಗಿಗೆ ನಮ್ಮ ಊರುಗಳು ಕೊಡುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಂತೆ ಆ ವರ್ಷ ದೇಶದಲ್ಲಿ 18ರ ಕೆಳಗಿನ 10,732 ಮಕ್ಕಳು ಆತ್ಮಹತ್ಯೆಗೆ ಶರಣಾದರು. ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಮೊದಲನೆಯದು. ಎರಡನೆಯದು, 1,495 ಮಕ್ಕಳ ವಿಷಯದಲ್ಲಿ, ಪ್ರೇಮ ಪ್ರಕರಣ. ಕಾಯಿಲೆ ಅದರ ನಂತರ. ಎಲ್ಲ ವಯಸ್ಸಿನವರನ್ನು ಒಟ್ಟಿಗೆ ನೋಡಿದರೆ ಪ್ರೇಮ ಪ್ರಕರಣದ ಪಾಲು ನೂರರಲ್ಲಿ ಐದಕ್ಕಿಂತ ಕಡಿಮೆ. ಮಕ್ಕಳಲ್ಲಿ ಮಾತ್ರ ಅದು ಎರಡನೇ ಸ್ಥಾನಕ್ಕೆ ಏರುತ್ತದೆ. ‘ಪ್ರೇಮ ಪ್ರಕರಣ’ ಎಂಬ ಕಾಲಮ್ಮಿನೊಳಗೆ ಏನೇನು ಸೇರಿದೆ? ಒಲ್ಲೆ ಎನಿಸಿಕೊಂಡವರು, ಮನೆಯಲ್ಲಿ ಸಿಕ್ಕಿಬಿದ್ದವರು, ಹೊಡೆತ ತಿಂದವರು, ಹೆದರಿಸಲ್ಪಟ್ಟವರು ಎಲ್ಲರನ್ನೂ ಪೊಲೀಸರು ಅದೊಂದೇ ಹೆಸರಿನಡಿ ಬರೆದಿರಬಹುದು. ಮೊದಲನೇ ಕಾರಣವಾದ ಕೌಟುಂಬಿಕ ಸಮಸ್ಯೆಗೂ ಎರಡನೆಯದಕ್ಕೂ ನಡುವಿನ ಗೋಡೆ ತೆಳ್ಳಗಿನದೇ.

ಈ ಗೋಡೆಯ ಬಳಿ ಸ್ವಲ್ಪ ನಿಲ್ಲೋಣ. ಹದಿನಾರರ ಹುಡುಗಿಯೊಬ್ಬಳ ಮೊಬೈಲಿಗೆ ಯಾರೋ ಒಬ್ಬ ದಿನಕ್ಕೆ ಇಪ್ಪತ್ತು ಸಂದೇಶ ಕಳುಹಿಸುತ್ತಿದ್ದಾನೆ ಎಂದುಕೊಳ್ಳಿ. ಅವಳು ಅಮ್ಮನಿಗೆ ಹೇಳುತ್ತಾಳೆಯೇ? ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ‘ನೀನು ಏನೂ ಮಾಡದೆ ಅವನು ಯಾಕೆ ಕಳುಹಿಸಿದ?’ ಎಂಬುದು ಮೊದಲ ಪ್ರಶ್ನೆ. ಮೊಬೈಲ್ ಕಪಾಟು ಸೇರುತ್ತದೆ. ಟ್ಯೂಷನ್ ನಿಲ್ಲುತ್ತದೆ. ದೂರದ ಕಾಲೇಜಿನ ಬದಲು ಹತ್ತಿರದ ಕಾಲೇಜು, ವಿಜ್ಞಾನದ ಬದಲು ಸಿಕ್ಕಿದ ವಿಷಯ. ಗಲ್ಫಿನಲ್ಲಿರುವ ಅಪ್ಪನಿಗೆ ಫೋನು ಹೋದರೆ ‘ಡಿಗ್ರಿ ಯಾಕೆ, ಸಂಬಂಧ ನೋಡುವ’ ಎಂಬಲ್ಲಿಗೂ ಮುಟ್ಟಬಹುದು. ಸಂದೇಶ ಕಳುಹಿಸಿದವನು ಆರಾಮವಾಗಿ ಓದುತ್ತಾನೆ, ಪಡೆದವಳ ಓದು ನಿಲ್ಲುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿಯೇ ಅವಳು ಸುಮ್ಮನಿರುತ್ತಾಳೆ. ಹಿಂದೆ ಬಿದ್ದವನ ಮುಖ್ಯ ಆಯುಧ ಆಸಿಡ್ ಬಾಟಲಿಯಲ್ಲ, ಈ ಮೌನ. ‘ನಿಮ್ಮ ಮನೆಗೆ ಹೇಳುತ್ತೇನೆ’ ಎಂದು ಅವನೇ ಅವಳನ್ನು ಹೆದರಿಸಲು ಸಾಧ್ಯವಾಗುವುದು ಇದರಿಂದಲೇ. ನಾಗಪುರದ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ತೀರ್ಪಿಗಿಂತಲೂ, ಆ ಹುಡುಗಿ ಮನೆಯಲ್ಲಿ ಹೇಳಿದಳು ಎಂಬುದು. ಮನೆಯವರು ಅವಳನ್ನು ನಂಬಿದರು ಎಂಬುದು.

ಇನ್ನು ಎರಡೂ ಕಡೆಯಿಂದ ಪ್ರೀತಿ ಇದ್ದಾಗಿನ ತೊಡಕು ಬೇರೆಯೇ. 2012ರ ಪೋಕ್ಸೊ ಕಾಯ್ದೆಯಲ್ಲಿ 18ರ ಕೆಳಗೆ ಒಪ್ಪಿಗೆಗೆ ಬೆಲೆಯಿಲ್ಲ. ಹದಿನೇಳರ ಹುಡುಗಿ ಹತ್ತೊಂಬತ್ತರ ಹುಡುಗನ ಜೊತೆ ಮನೆ ಬಿಟ್ಟು ಹೋದರೆ ಹುಡುಗಿಯ ತಂದೆಯ ಒಂದು ದೂರು ಸಾಕು, ಅವನು ಅತ್ಯಾಚಾರದ ಆರೋಪಿ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂತಹ ಒಂದು ಪ್ರಕರಣದಲ್ಲಿ, ವಯಸ್ಸಿನ ಮಿತಿಯನ್ನು ಮತ್ತೊಮ್ಮೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಕನಿಷ್ಠ ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಈ ಕಾನೂನುಗಳ ಬಗ್ಗೆ ತಿಳಿವಳಿಕೆ ಕೊಡಬೇಕೆಂದೂ ಸೂಚಿಸಿತು. 2023ರ ಸೆಪ್ಟೆಂಬರಿನಲ್ಲಿ ಕಾನೂನು ಆಯೋಗ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರ ನಡುವಿನವರು ಮನಃಪೂರ್ವಕ ಒಪ್ಪಿದ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯವನ್ನು ನ್ಯಾಯಾಲಯದ ವಿವೇಚನೆಗೆ ಬಿಡೋಣ ಎಂದಿತು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಹದಿಹರೆಯದ ಹುಡುಗಿಯರು ತಮ್ಮ ಆಸೆಗಳನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕು ಎಂದು ಉಪದೇಶ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ತಳ್ಳಿಹಾಕಿತು. ನ್ಯಾಯಾಧೀಶರು ತೀರ್ಪು ಕೊಡಬೇಕು, ಪ್ರವಚನ ಕೊಡಬಾರದು ಎಂಬುದು ಸರ್ವೋಚ್ಚ ನ್ಯಾಯಾಲಯದ ನಿಲುವು. ವಯಸ್ಸು 16ಕ್ಕೆ ಇಳಿಯಬೇಕೇ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಆಯೋಗದ್ದೇ. ಕಡಬದಂತಹ ಕಡೆ 23ರ ಗಂಡಸಿಗೆ ‘ಅವಳು ಒಪ್ಪಿದ್ದಳು’ ಎಂಬ ವಾದದ ಬಾಗಿಲು ತೆರೆದುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಕಾನೂನು ಬರುವುದು ಕೊನೆಗೆ. ಮೊದಲು ಬರಬೇಕಾದದ್ದು ಶಾಲೆ. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಸಂಸ್ಕೃತಿಗೆ ಧಕ್ಕೆಯೆಂದು ಬದಿಗಿಟ್ಟವು. ಆಮೇಲೆ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಆಪ್ತಸಮಾಲೋಚನೆಯ ಕ್ಲಿನಿಕ್ ಬಂತು. ಆದರೆ ಪ್ರೀತಿಯಲ್ಲಿ ಒಲ್ಲೆ ಎನಿಸಿಕೊಂಡ ಹುಡುಗ ಸರಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಚೀಟಿ ಮಾಡಿಸಿ ಸಾಲು ನಿಲ್ಲುತ್ತಾನೆಯೇ? ಸಾಲಿನಲ್ಲಿ ಅವನ ಹಿಂದೆ ನೆರೆಮನೆಯ ಆಂಟಿ ನಿಂತಿರುತ್ತಾರೆ.

ಹಾಗಾಗಿ ಅದು ತರಗತಿಗೇ ಬರಬೇಕು. ದೊಡ್ಡ ಪಠ್ಯಕ್ರಮವೇನೂ ಬೇಡ. ನಮ್ಮ ಆಡಳಿತ ಮಂಡಳಿಗಳು ನಡೆಸುವ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ನೀತಿಪಾಠದ ಅವಧಿ ಹೇಗೂ ಇದೆ. ಅದರಲ್ಲಿ ಜೂನ್ ತಿಂಗಳಲ್ಲೇ ಎರಡು ಅವಧಿ ಇದಕ್ಕೆ ಮೀಸಲಿಟ್ಟರೆ ಸಾಕು, ಫೆಬ್ರವರಿ 14ರ ಹಿಂದಿನ ದಿನ ಸುತ್ತೋಲೆ ಹೊರಡಿಸುವುದಕ್ಕಿಂತ ಎಷ್ಟೋ ವಾಸಿ. ಹುಡುಗರಿಗೆ ಹೇಳಬೇಕಾದದ್ದು: ಇಷ್ಟವಾದರೆ ಹೇಳಬಹುದು, ಒಮ್ಮೆ. ನಾಲ್ಕು ಜನ ಗೆಳೆಯರನ್ನು ಗೋಡೆಯಂತೆ ನಿಲ್ಲಿಸಿಕೊಂಡು ಅಲ್ಲ, ಕೈ ಕೊಯ್ದುಕೊಂಡು ತೋರಿಸಿ ಅಲ್ಲ, ಅವಳು ಮನೆಗೆ ಹೋಗುವ ದಾರಿಯನ್ನು ಅಡ್ಡಗಟ್ಟಿಯೂ ಅಲ್ಲ. ಉತ್ತರ ಬರದಿದ್ದರೆ ಅದೂ ಒಂದು ಉತ್ತರ. ಹುಡುಗಿಯರಿಗೆ ‘ನನಗೆ ಇಷ್ಟವಿಲ್ಲ, ಇನ್ನು ಈ ವಿಷಯ ಎತ್ತಬೇಡ’ ಎಂಬ ವಾಕ್ಯವನ್ನು ಅಣ್ಣ, ಅಪ್ಪ, ಪರೀಕ್ಷೆ ಯಾವುದನ್ನೂ ಸೇರಿಸದೆ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಸಬೇಕು. ಅದನ್ನು ಸಂದೇಶದಲ್ಲಿ ಬರೆದು ಉಳಿಸಿಕೊಂಡರೆ 78ನೇ ಕಲಂ ಕೇಳುವ ‘ಸ್ಪಷ್ಟ’ ಸೂಚನೆಯೂ ಆಯಿತು. ಮುಂದುವರಿದರೆ ಯಾರಿಗೆ ಹೇಳಬೇಕು ಎಂಬ ಒಂದು ಹೆಸರು ಪ್ರತಿ ಶಾಲೆಯಲ್ಲಿ ಇರಬೇಕು. ಪ್ರಾಂಶುಪಾಲರ ಕೊಠಡಿಯಲ್ಲ, ಮಕ್ಕಳು ಹೆದರದೆ ಹೋಗಬಲ್ಲ ಒಬ್ಬ ಟೀಚರ್. ಹೇಳಿದ ತಕ್ಷಣ ಹೆತ್ತವರನ್ನು ಕರೆಸಿ ಇಬ್ಬರ ಟಿಸಿ ಕೈಗೆ ಕೊಡುವ ಶಾಲೆಗೆ ಎರಡನೇ ಸಲ ಯಾವ ಮಗುವೂ ಹೇಳುವುದಿಲ್ಲ.

ಮನೆಯಲ್ಲಿ ಹೇಳಲಾಗದವರಿಗೆ ಫೋನ್ ಇದೆ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ನೋವಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ, ರಾತ್ರಿಯೂ ಸಿಗುತ್ತದೆ. ಸಂದೇಶದ ನೀಲಿ ಗೆರೆ ನೋಡುತ್ತಾ ನಿದ್ದೆ ಬಾರದೆ ಹೊರಳಾಡುವ ಹುಡುಗನಿಗೆ ರಾತ್ರಿ ಎರಡು ಗಂಟೆಗೆ ಬೇಕಾದದ್ದೂ ಅದೇ. ಈ ಎರಡು ಸಂಖ್ಯೆಗಳನ್ನು ಶಾಲೆಯ ನೋಟೀಸು ಬೋರ್ಡಿನಲ್ಲಿ ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಲು ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.